ಐದು ದಿನಗಳ ಜ್ಯೂಸ್ ಡಿಟಾಕ್ಸ್: ತೂಕ ಇಳಿಸಲು ಹೊರಟವರಿಗೆ ಇದು ಬೇಕೇ?

ದಿನಕ್ಕೆ ಆರು ಬಾಟಲಿ ಕೋಲ್ಡ್ ಪ್ರೆಸ್ಡ್ ಜ್ಯೂಸ್, ರಾತ್ರಿ ಮಲಗುವ ಮುನ್ನ ಕುಡಿಯಲು ಒಂದು ಪೊಟ್ಟಣ ಗಿಡಮೂಲಿಕೆ ಚಹಾ, ನಡುವೆ ಬೇಕೆನಿಸಿದಷ್ಟು ನೀರು. ಐದು ದಿನಗಳ ಕಾಲ ಇದಿಷ್ಟನ್ನು ಬಿಟ್ಟು ಬೇರೇನನ್ನೂ ಸೇವಿಸುವಂತಿಲ್ಲ. ಬೆಂಗಳೂರಿನಲ್ಲಿ ದೇಹಶುದ್ಧಿಯ ಹೆಸರಿನಲ್ಲಿ ಮನೆಬಾಗಿಲಿಗೆ ಬರುವ ಹಲವು ಡಿಟಾಕ್ಸ್ ಪ್ಯಾಕೇಜುಗಳ ಪೈಕಿ ನಾನು ತರಿಸಿಕೊಂಡದ್ದರ ಸ್ವರೂಪ ಇದು. ಬೆಲೆ ಏಳು ಸಾವಿರ ರೂಪಾಯಿಗಿಂತ ತುಸು ಹೆಚ್ಚು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ನಮೂನೆಯ ಪ್ಯಾಕೇಜನ್ನು ಮಾರುವವರು ನಗರದಲ್ಲಿ ಹಲವರಿದ್ದಾರೆ, ಬಾಟಲಿಯ ಮೇಲಿನ ಚೀಟಿ ಬದಲಾದರೂ ಒಳಗಿನ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ತೂಕ ಇಳಿಸಿಕೊಳ್ಳಬೇಕೆಂದು ತೀರ್ಮಾನಿಸಿದವರು ಮೊದಲ ಹೆಜ್ಜೆಯಾಗಿ ಇಂಥದ್ದೊಂದನ್ನು ಕೊಳ್ಳಬೇಕೇ ಎಂಬ ಒಂದೇ ಪ್ರಶ್ನೆಯನ್ನಿಟ್ಟುಕೊಂಡು ಈ ವಿಮರ್ಶೆಯನ್ನು ಬರೆದಿದ್ದೇನೆ.

ಪೆಟ್ಟಿಗೆಯೊಂದಿಗೆ ಬರುವ ಕರಪತ್ರದಲ್ಲಿ ಮೂರು ಭರವಸೆಗಳಿವೆ. ವರ್ಷಗಳಿಂದ ದೇಹದಲ್ಲಿ ಸೇರಿಕೊಂಡ ವಿಷಾಂಶಗಳು ಹೊರಹೋಗುತ್ತವೆ. ಐದು ದಿನಗಳಲ್ಲಿ ಎರಡರಿಂದ ಮೂರು ಕೆ.ಜಿ. ತೂಕ ಇಳಿಯುತ್ತದೆ, ಮುಂದೆ ಕೈಗೊಳ್ಳುವ ಪಥ್ಯಕ್ಕೆ ದೇಹ ಅಣಿಯಾಗುತ್ತದೆ. ಮೊದಲನೆಯದಕ್ಕೆ ಆಧಾರವಿಲ್ಲ, ಮೂರನೆಯದು ತಿರುವುಮುರುವಾಗಿದೆ. ಎರಡನೆಯದು ಮಾತ್ರ ಬಹುಮಟ್ಟಿಗೆ ನಿಜ, ಮತ್ತು ಜನ ಮರುಳಾಗುವುದು ಆ ನಿಜಕ್ಕೇ.

ಸೇವೆಯ ಮಟ್ಟಿಗೆ ದೂರುವಂಥದ್ದು ಬಹಳವಿಲ್ಲ. ಬೆಳಗ್ಗೆ ಏಳು ಗಂಟೆಯೊಳಗೆ, ಹಾಲಿನವರು ಬಂದುಹೋದ ಸ್ವಲ್ಪ ಹೊತ್ತಿಗೆ, ಥರ್ಮಕೋಲಿನ ಪೆಟ್ಟಿಗೆಯಲ್ಲಿ ಐಸ್ ಚೀಲಗಳ ನಡುವೆ ಜೋಡಿಸಿದ ಬಾಟಲಿಗಳು ಬರುತ್ತಿದ್ದವು. ಒಂದರಿಂದ ಆರರವರೆಗೆ ಸಂಖ್ಯೆ ಅಂಟಿಸಿದ 300 ಮಿ.ಲೀ. ಬಾಟಲಿಗಳನ್ನು ಎರಡೂವರೆ ಗಂಟೆಗೊಂದರಂತೆ ಕುಡಿದು ಮುಗಿಸಬೇಕು. ಮೊದಲನೆಯದು ಪಾಲಕ್, ಸೌತೆಕಾಯಿ, ಹಸಿರು ಸೇಬು ಮತ್ತು ಶುಂಠಿಯದು. ಆಮೇಲೆ ಕಿತ್ತಳೆ–ಕ್ಯಾರೆಟ್, ಬೀಟ್‌ರೂಟ್–ದಾಳಿಂಬೆ, ಅನಾನಸ್–ಪುದೀನ ಸರದಿಯಲ್ಲಿ ಬರುತ್ತವೆ. ಐದನೆಯದು ಸಿಹಿಯೇ ಇಲ್ಲದ ಶುಂಠಿ–ನಿಂಬೆಯ ನೀರು, ಮೇಲೆ ಚಿಟಿಕೆ ಖಾರದ ಪುಡಿ. ಕೊನೆಯದು ಖರ್ಜೂರ ಅರೆದು ಸೇರಿಸಿದ ಬಾದಾಮಿ ಹಾಲು. ಕುಲುಕದೆ ಬಿಟ್ಟರೆ ಹಸಿರು ಜ್ಯೂಸು ಅರ್ಧ ಗಂಟೆಯಲ್ಲಿ ಎರಡು ಪದರವಾಗಿ, ತಳದಲ್ಲಿ ಕಡುಹಸಿರು ಗಸಿಯೂ ಮೇಲೆ ಒಣಹುಲ್ಲಿನ ಬಣ್ಣದ ತಿಳಿಯೂ ನಿಲ್ಲುತ್ತದೆ. ಅದು ಕೆಟ್ಟಿರುವ ಲಕ್ಷಣವಲ್ಲ, ಗಟ್ಟಿಗೊಳಿಸುವ ಪದಾರ್ಥ ಬೆರೆಸದ ರಸದ ಸಹಜ ಗುಣ. ರುಚಿಯಲ್ಲಿ ಶುಂಠಿ–ನಿಂಬೆಯದು ನಿಜಕ್ಕೂ ಚೆನ್ನಾಗಿದೆ. ಬಾದಾಮಿ ಹಾಲಿಗಾಗಿ ಮಧ್ಯಾಹ್ನದಿಂದಲೇ ಗಡಿಯಾರ ನೋಡುವಂತಾಗುತ್ತದೆ, ಏಕೆಂದರೆ ಅಗಿಯಲು ಏನೊಂದೂ ಸಿಗದ ದಿನದಲ್ಲಿ ನಾಲಿಗೆಗೆ ಸ್ವಲ್ಪವಾದರೂ ದಪ್ಪವಾಗಿ ತಗಲುವುದು ಅದೊಂದೇ.

ಚೀಟಿಗಳ ಮೇಲೆ ಅಚ್ಚಾದ ಸಂಖ್ಯೆಗಳನ್ನು ಕೂಡಿಸಿ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಇಡೀ ದಿನಕ್ಕೆ ಸುಮಾರು 900 ಕ್ಯಾಲೊರಿ, ಸುಮಾರು 140 ಗ್ರಾಂ ಸಕ್ಕರೆ, 13 ಗ್ರಾಂ ಪ್ರೋಟೀನ್. 'ಸಕ್ಕರೆ ಸೇರಿಸಿಲ್ಲ' ಎಂಬ ಮಾತು ಸುಳ್ಳಲ್ಲ. ಅದು ಹಣ್ಣಿನದೇ ಸಕ್ಕರೆ. ಆದರೆ ಹಿಂಡಿ ರಸವಾಗಿಸಿದ ಹಣ್ಣಿನ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2015ರ ತನ್ನ ಮಾರ್ಗಸೂಚಿಯಲ್ಲಿ ಡಬ್ಬಿಯ ಸಕ್ಕರೆ, ಬೆಲ್ಲ, ಜೇನುತುಪ್ಪಗಳ ಸಾಲಿಗೇ ಸೇರಿಸುತ್ತದೆ, ಮತ್ತು ಇವೆಲ್ಲವೂ ಸೇರಿ ದಿನದ ಒಟ್ಟು ಕ್ಯಾಲೊರಿಯ ಶೇ. 10ರೊಳಗಿರಬೇಕು ಎನ್ನುತ್ತದೆ. 2,000 ಕ್ಯಾಲೊರಿ ಉಣ್ಣುವವರಿಗೆ ಅದು 50 ಗ್ರಾಂ ಆಗುತ್ತದೆ. ಒಂದು ಬಾಟಲಿ ಕಿತ್ತಳೆ ರಸ ತಯಾರಿಸಲು ನಾಲ್ಕೈದು ಹಣ್ಣು ಬೇಕು. ಅಷ್ಟು ಹಣ್ಣನ್ನು ತೊಳೆ ತೊಳೆಯಾಗಿ ಬಿಡಿಸಿ ತಿನ್ನುತ್ತ ಕುಳಿತರೆ ಮೂರನೆಯದಕ್ಕೆ ಹೊಟ್ಟೆ ಸಾಕೆನ್ನುತ್ತದೆ, ರಸವಾದರೆ ಎರಡು ನಿಮಿಷದಲ್ಲಿ ಇಳಿದುಹೋಗುತ್ತದೆ. ಹೊಟ್ಟೆ ತುಂಬಿಸುವ ನಾರು ಕಾರ್ಖಾನೆಯ ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ. ಪ್ರೋಟೀನಿನ ಕೊರತೆ ಇದಕ್ಕಿಂತ ದೊಡ್ಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದೇಹದ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ 70 ಕೆ.ಜಿ.ಯವರಿಗೆ 58 ಗ್ರಾಂ. ಈ ಪೆಟ್ಟಿಗೆ ಕೊಡುವುದು ಅದರ ಕಾಲು ಭಾಗಕ್ಕೂ ಕಡಿಮೆ.

ಇನ್ನು ಇಳಿದ ತೂಕದ ವಿಷಯ. ಉಂಡ ಅನ್ನ, ಮುದ್ದೆ, ಚಪಾತಿಗಳಿಂದ ಬಂದ ಶರ್ಕರವನ್ನು ದೇಹವು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಊಟ ಅರ್ಧಕ್ಕಿಳಿದಾಗ ದೇಹ ಮೊದಲು ಕೈಹಾಕುವುದು ಈ ದಾಸ್ತಾನಿಗೆ, ಮತ್ತು ಅದು ಕರಗಿದಂತೆ ಅದರೊಂದಿಗಿದ್ದ ನೀರು ಮೂತ್ರವಾಗಿ ಹೊರಹೋಗುತ್ತದೆ. ಸಾರು, ಉಪ್ಪಿನಕಾಯಿ, ಹಪ್ಪಳ, ಚಟ್ನಿಗಳು ನಿಂತುಹೋದ ಕಾರಣ ಉಪ್ಪಿನಂಶ ತಗ್ಗಿ ಇನ್ನಷ್ಟು ನೀರು ಹೋಗುತ್ತದೆ. ನಾರಿಲ್ಲದ ಆಹಾರದಿಂದಾಗಿ ಕರುಳಿನಲ್ಲಿ ಯಾವಾಗಲೂ ಇರುವ ಸರಕೂ ಕಡಿಮೆಯಾಗುತ್ತದೆ. ಇವೆಲ್ಲ ಸೇರಿ ಒಂದೂವರೆ, ಎರಡು ಕೆ.ಜಿ. ಆಗುವುದು ಆಶ್ಚರ್ಯವಲ್ಲ.

ಹಾಗಾದರೆ ಕೊಬ್ಬು ಎಷ್ಟು ಕರಗಿತು? ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆಂದು ಲೆಕ್ಕ. ದಿನಕ್ಕೆ 1,900 ಕ್ಯಾಲೊರಿ ವ್ಯಯಿಸುವವರು 900ರಲ್ಲಿ ಕಾಲ ಹಾಕಿದರೆ ಐದು ದಿನಕ್ಕೆ 5,000 ಕ್ಯಾಲೊರಿಯ ಕೊರತೆ ಬೀಳುತ್ತದೆ. ಅಷ್ಟೂ ಕೊಬ್ಬಿನಿಂದಲೇ ಬಂತೆಂದು ಉದಾರವಾಗಿ ಒಪ್ಪಿಕೊಂಡರೂ ಅದು 650 ಗ್ರಾಂ. ವಾಸ್ತವದಲ್ಲಿ ಅಷ್ಟೂ ಕೊಬ್ಬಲ್ಲ, ಏಕೆಂದರೆ ಹೊರಗಿನಿಂದ ಪ್ರೋಟೀನ್ ಬರದಿದ್ದಾಗ ದೇಹ ತನ್ನ ಸ್ನಾಯುವನ್ನೇ ಸ್ವಲ್ಪಮಟ್ಟಿಗೆ ಒಡೆದುಕೊಳ್ಳುತ್ತದೆ. ಮೊದಲೇ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು ಎಂಬ ನಮ್ಮವರ ಮೈಕಟ್ಟಿಗೆ ಇದು ಯಾವ ಲೆಕ್ಕದಲ್ಲೂ ಲಾಭದ ಬಾಬತ್ತಲ್ಲ.

ಈ ಪ್ಯಾಕೇಜಿನ ವಿರುದ್ಧ ನನ್ನ ಮುಖ್ಯ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಆರನೆಯ ದಿನ ಎಂದಿನ ಅನ್ನ–ಸಾರಿಗೆ ಮರಳಿದ ಕೂಡಲೇ ಗ್ಲೈಕೋಜನ್ ಮತ್ತೆ ತುಂಬಿಕೊಳ್ಳುತ್ತದೆ, ಅದರ ಬೆನ್ನಿಗೆ ನೀರೂ ಬರುತ್ತದೆ. ಎರಡು ಮೂರು ದಿನಗಳಲ್ಲಿ ಒಂದೂವರೆ ಕೆ.ಜಿ. ವಾಪಸಾಗಿರುತ್ತದೆ. ಆ ವ್ಯಕ್ತಿ ಆ ದಿನಗಳಲ್ಲಿ ಅಳತೆ ಮೀರದೆ, ನಿಜವಾಗಿಯೂ ಹಿತಮಿತವಾಗಿ ಉಂಡಿದ್ದರೂ ತೂಕದ ಯಂತ್ರ ತೋರಿಸುವುದು ಏರಿಕೆಯನ್ನೇ. ಹೀಗಾಗಿ ತೂಕ ಇಳಿಸಲು ಈಗಷ್ಟೇ ಹೊರಟವರ ಮನಸ್ಸಿನಲ್ಲಿ ಒಂದು ತಪ್ಪು ಪಾಠ ಗಟ್ಟಿಯಾಗಿ ಕೂರುತ್ತದೆ: ಜ್ಯೂಸಿನಿಂದ ಇಳಿಯಿತು, ಊಟದಿಂದ ಏರಿತು; ಎಂದರೆ ನನ್ನ ಮೈಗೆ ಮನೆಯ ಊಟವೇ ಆಗಿಬರುವುದಿಲ್ಲ. ಹಿತಮಿತವಾದ ಊಟದಿಂದ ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಅದು ಒಳ್ಳೆಯ ವೇಗ. ಆದರೆ ಐದು ದಿನಕ್ಕೆ ಎರಡೂವರೆ ಕೆ.ಜಿ. ಕಂಡ ಕಣ್ಣಿಗೆ ಅರ್ಧ ಕೆ.ಜಿ. ಸೋಲಿನಂತೆ ಕಾಣುತ್ತದೆ. ಆರಂಭದ ಹಂತದಲ್ಲಿ ಮನುಷ್ಯನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ತಾನು ಮಾಡುತ್ತಿರುವುದು ಫಲಿಸುತ್ತಿದೆಯೇ ಎಂದು ತಿಳಿಯುವ ಒಂದು ನಂಬಲರ್ಹ ಅಳತೆ, ಮತ್ತು ಈ ಸೇವೆ ಮೊದಲ ವಾರದಲ್ಲೇ ಆ ಅಳತೆಯನ್ನು ಕೆಡಿಸಿಬಿಡುತ್ತದೆ. ತೂಕ ಮರಳಿ ಬಂದು ಮನಸ್ಸು ಕುಗ್ಗುವ ಸುಮಾರಿಗೆ ಸರಿಯಾಗಿ ಸಂಸ್ಥೆಯಿಂದ ಸಂದೇಶವೊಂದು ಬರುತ್ತದೆ: ವಾರಕ್ಕೊಂದು ದಿನದ 'ಮೇಂಟೆನೆನ್ಸ್' ಪ್ಯಾಕ್, ಹಳೆಯ ಗ್ರಾಹಕರಿಗೆ ರಿಯಾಯಿತಿ ದರದಲ್ಲಿ. ವ್ಯಾಪಾರದ ದೃಷ್ಟಿಯಿಂದ ಇದರಷ್ಟು ಸಮಯಪ್ರಜ್ಞೆಯುಳ್ಳ ಜಾಹೀರಾತನ್ನು ಬೇರೆಲ್ಲೂ ಕಂಡಿಲ್ಲ.

ವಿಷಾಂಶದ ಮಾತಿಗೆ ಬಂದರೆ, ಯಾವ ವಿಷಾಂಶ ಎಂಬ ಸರಳ ಪ್ರಶ್ನೆಗೆ ಸಂಸ್ಥೆಯ ಪೌಷ್ಟಿಕ ಸಲಹೆಗಾರರಿಂದ 'ಮೆಟಬಾಲಿಕ್ ವೇಸ್ಟ್' ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯಲಿಲ್ಲ. ಇದು ಒಂದು ಸಂಸ್ಥೆಯ ದೌರ್ಬಲ್ಯವೂ ಅಲ್ಲ. ಬ್ರಿಟನ್ನಿನಲ್ಲಿ 2009ರಲ್ಲಿ ಯುವ ವಿಜ್ಞಾನಿಗಳ ತಂಡವೊಂದು ಡಿಟಾಕ್ಸ್ ಹೆಸರಿನ ಹದಿನೈದು ಉತ್ಪನ್ನಗಳ ತಯಾರಕರನ್ನು ಇದೇ ರೀತಿ ವಿಚಾರಿಸಿದಾಗ ಅವರ ವಿವರಣೆಗಳು ಒಂದಕ್ಕೊಂದು ಹೊಂದಲಿಲ್ಲ. ಪ್ರೋಟೀನ್ ಪಚನವಾದಾಗ ಹುಟ್ಟುವ ಅಮೋನಿಯಾವನ್ನು ಯೂರಿಯಾ ಆಗಿ ಬದಲಿಸುವುದು, ಕುಡಿದ ಮದ್ಯವನ್ನೂ ನುಂಗಿದ ಮಾತ್ರೆಯನ್ನೂ ಒಡೆಯುವುದು, ಸತ್ತ ರಕ್ತಕಣಗಳ ಶೇಷವನ್ನು ಪಿತ್ತರಸದ ಮೂಲಕ ಹೊರಹಾಕುವುದು ಯಕೃತ್ತಿನ ನಿತ್ಯದ ಕೆಲಸ. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೆರಡು ಲೀಟರನ್ನಷ್ಟೇ ಮೂತ್ರವಾಗಿ ಬಿಡುತ್ತವೆ. ಈ ಕೆಲಸ ನಿಜಕ್ಕೂ ನಿಂತುಹೋದರೆ ಬೇಕಾಗುವುದು ಡಯಾಲಿಸಿಸ್. ಸೀಸದಂಥ ಲೋಹ ಮೈಗೇರಿದರೆ ಅದನ್ನು ಹೊರತೆಗೆಯುವುದು ಆಸ್ಪತ್ರೆಯ ಔಷಧಿಯೇ ಹೊರತು ಪಾಲಕ್ ರಸವಲ್ಲ. ಇನ್ನೊಂದು ಸಂಗತಿಯನ್ನು ಕರಪತ್ರ ಬರೆದವರು ಗಮನಿಸಿದಂತಿಲ್ಲ: ಡಿಡಿಟಿಯಂಥ ಕೆಲವು ಕೀಟನಾಶಕಗಳ ಅಂಶ ನಮ್ಮ ಕೊಬ್ಬಿನಲ್ಲಿ ನಿಜವಾಗಿಯೂ ಉಳಿದಿರುತ್ತದೆ, ಆದರೆ ಕೊಬ್ಬು ಕರಗಿದಾಗ ಅದು ರಕ್ತಕ್ಕೆ ಬಂದು ಅಲ್ಲಿನ ಪ್ರಮಾಣ ಸ್ವಲ್ಪ ಕಾಲ ಏರುತ್ತದೆ. ತೂಕ ಇಳಿದ ಮಾತ್ರಕ್ಕೆ ದೇಹ ಶುದ್ಧವಾಯಿತೆಂಬ ತರ್ಕಕ್ಕೆ ಇದು ನೇರ ವಿರುದ್ಧ.

ಪ್ಯಾಕೇಜಿನೊಂದಿಗೆ ಒಂದು ವಾಟ್ಸ್‌ಆ್ಯಪ್ ಗುಂಪೂ ಬರುತ್ತದೆ. ಅಲ್ಲಿ ನಡೆಯುವ ಪ್ರಶ್ನೋತ್ತರವನ್ನು ಓದುವುದೇ ಒಂದು ಅನುಭವ. ಎರಡನೆಯ ದಿನದ ಹೊತ್ತಿಗೆ ಗುಂಪಿನ ಅರ್ಧದಷ್ಟು ಜನ ತಲೆನೋವೆಂದು ಬರೆದಿದ್ದರು. ವಿಷಾಂಶ ಹೊರಬರುವಾಗ ಹೀಗಾಗುವುದು ಸಹಜ, ಇದು ಒಳ್ಳೆಯ ಲಕ್ಷಣ ಎಂಬ ಉತ್ತರ ಎಲ್ಲರಿಗೂ ಸಮಾನವಾಗಿ ಹಂಚಿಕೆಯಾಯಿತು. ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ ಕುಡಿಯುವ ಊರಿನಲ್ಲಿ ಇದಕ್ಕೆ ಇಷ್ಟು ದೂರದ ಕಾರಣ ಹುಡುಕಬೇಕಾಗಿಲ್ಲ. ಕೆಫೀನನ್ನು ಏಕಾಏಕಿ ನಿಲ್ಲಿಸಿದವರಿಗೆ 12ರಿಂದ 24 ಗಂಟೆಯೊಳಗೆ ತಲೆನೋವು ಆರಂಭವಾಗಿ, ಎರಡನೆಯ ದಿನದ ಹೊತ್ತಿಗೆ ಜೋರಾಗುವುದು ವೈದ್ಯಶಾಸ್ತ್ರದಲ್ಲಿ ಚೆನ್ನಾಗಿ ದಾಖಲಾದ ಸಂಗತಿ. ಇನ್ನೊಬ್ಬರು ಶೌಚದಲ್ಲಿ ಕೆಂಪು ಬಣ್ಣ ಕಂಡು ಗಾಬರಿಯಾಗಿ ಬರೆದಾಗಲೂ ಅದೇ ಸಿದ್ಧ ಉತ್ತರ ಬಂತು. ಮೂರನೆಯ ಬಾಟಲಿಯ ಬೀಟ್‌ರೂಟನ್ನು ಜ್ಞಾಪಿಸಿದ್ದರೆ ಸಾಕಿತ್ತು. ಯಾವ ತೊಂದರೆಯನ್ನಾದರೂ ಯಶಸ್ಸಿನ ಗುರುತೆಂದೇ ವಿವರಿಸುವ ಪದ್ಧತಿಯಲ್ಲಿ, ನಿಜವಾಗಿಯೂ ನಿಲ್ಲಿಸಬೇಕಾದ ಸೂಚನೆ ಬಂದಾಗ ಅದನ್ನು ಗುರುತಿಸುವವರು ಯಾರೂ ಉಳಿಯುವುದಿಲ್ಲ. ಸೇವೆಯಲ್ಲಿ ನನಗೆ ತೀರಾ ಅಸಮಾಧಾನ ತಂದದ್ದು ಇದೇ.

ಸಂಶೋಧನೆಗಳು ಏನನ್ನುತ್ತವೆ ಎಂದು ನೋಡಹೊರಟರೆ ಹೆಚ್ಚು ಸಾಮಗ್ರಿ ಸಿಗುವುದಿಲ್ಲ. ಮಾರುಕಟ್ಟೆಯ ಡಿಟಾಕ್ಸ್ ಪಥ್ಯಗಳನ್ನು ಕುರಿತು ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯು, ಇವು ಫಲಕಾರಿಯೇ ಎಂದು ಪರೀಕ್ಷಿಸಿದ ಯಾದೃಚ್ಛಿಕ ಪ್ರಯೋಗ (ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಹೋಲಿಸುವ ಪ್ರಯೋಗ) ಒಂದೂ ಇಲ್ಲವೆಂದು ಹೇಳಿತು. ಅದೇ ವರ್ಷ ದಕ್ಷಿಣ ಕೊರಿಯಾದಿಂದ ನಿಂಬೆ ಡಿಟಾಕ್ಸ್ ಕುರಿತ ಒಂದು ಅಧ್ಯಯನ ಹೊರಬಂತು, ಮತ್ತು ಡಿಟಾಕ್ಸ್ ಮಾರುವವರು ಇದನ್ನೇ ಉಲ್ಲೇಖಿಸುವುದುಂಟು. ತೂಕ ಹೆಚ್ಚಿದ್ದ 84 ಮಹಿಳೆಯರನ್ನು ಮೂರು ಗುಂಪಾಗಿಸಿ, ಒಂದಕ್ಕೆ ಏಳು ದಿನ ನಿಂಬೆ ಪಾನಕ, ಇನ್ನೊಂದಕ್ಕೆ ಅಷ್ಟೇ ಕ್ಯಾಲೊರಿಯ ಹುಸಿ ಪಾನಕ ಕೊಟ್ಟು, ಮೂರನೆಯದನ್ನು ಎಂದಿನ ಊಟಕ್ಕೆ ಬಿಡಲಾಗಿತ್ತು. ನಿಂಬೆಯ ಗುಂಪಿನಲ್ಲಿ ತೂಕ ಇಳಿದದ್ದು ನಿಜ. ಹುಸಿ ಪಾನಕದ ಗುಂಪಿನಲ್ಲೂ ತೂಕ ಅಷ್ಟೇ ಇಳಿಯಿತು. ಉರಿಯೂತದ ಒಂದು ಸೂಚಕದಲ್ಲಿ ನಿಂಬೆಯವರಿಗೆ ಸ್ವಲ್ಪ ಹೆಚ್ಚಿನ ಪ್ರಯೋಜನ ಕಂಡಿತೆಂಬುದನ್ನು ಮರೆಮಾಚಬೇಕಾಗಿಲ್ಲ, ಆದರೆ ತೂಕವನ್ನು ಇಳಿಸಿದ್ದು ಕಡಿಮೆ ಕ್ಯಾಲೊರಿಯೇ ವಿನಾ ನಿಂಬೆಯಲ್ಲ.

ರಾತ್ರಿಯ ಚಹಾಕ್ಕೆ ಪ್ರತ್ಯೇಕವಾಗಿ ಒಂದು ಮಾತು ಸಲ್ಲಬೇಕು. ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಸೋಂಪು, ತುಳಸಿ, ಜ್ಯೇಷ್ಠಮಧು, ಸೋನಾಮುಖಿ ಎಂದಿದೆ. ಸೋನಾಮುಖಿ ಒಳ್ಳೆಯ ಭೇದಿ ಔಷಧಿ, ಮಲಬದ್ಧತೆಗೆ ವೈದ್ಯರೂ ಬರೆದುಕೊಡುತ್ತಾರೆ. ಅದು ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ, ಕುಡಿದ ಆರರಿಂದ ಹನ್ನೆರಡು ಗಂಟೆಗಳ ನಂತರ. ಕ್ಯಾಲೊರಿಯಾದರೋ ಅದಕ್ಕೂ ಮೊದಲೇ ಸಣ್ಣ ಕರುಳಿನಲ್ಲಿ ರಕ್ತ ಸೇರಿರುತ್ತದೆ. ಬೆಳಗ್ಗೆ ಎದ್ದಾಗ ಹೊಟ್ಟೆ ಚಪ್ಪಟೆಯಾಗಿ, ಮೈ ಹಗುರವಾಗಿ ಕಾಣುವುದು ನೀರು ಮತ್ತು ಮಲ ಹೋದದ್ದರಿಂದ, ಕೊಬ್ಬು ಹೋದದ್ದರಿಂದಲ್ಲ. ಹಳೆಯ ಮೈಸೂರು ಭಾಗದ ಮನೆಗಳಲ್ಲಿ ಮಕ್ಕಳಿಗೆ ಆಗೊಮ್ಮೆ ಈಗೊಮ್ಮೆ ಭಾನುವಾರ ಬೆಳಗ್ಗೆ ಮೂಗು ಹಿಡಿದು ಹರಳೆಣ್ಣೆ ಕುಡಿಸಿ, ಮಧ್ಯಾಹ್ನ ಮೆಣಸಿನ ಸಾರು–ಅನ್ನ ಬಡಿಸುವ ರೂಢಿಯಿತ್ತು; ಅದರಿಂದ ಮೈ ಕರಗುತ್ತದೆಂದು ಯಾವ ಅಜ್ಜಿಯೂ ಹೇಳಿದ್ದನ್ನು ಕೇಳಿಲ್ಲ. ಭೇದಿಯಿಂದ ಪೊಟ್ಯಾಸಿಯಂ ನಷ್ಟವಾಗುತ್ತದೆ, ಜ್ಯೇಷ್ಠಮಧುವಿನ ಅತಿ ಬಳಕೆಯಿಂದಲೂ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಹಾಕಿ, ರಕ್ತದೊತ್ತಡವಿದೆಯೇ ಎಂದು ಒಮ್ಮೆಯೂ ಕೇಳದೆ ಕಳುಹಿಸುವುದು ಜವಾಬ್ದಾರಿಯ ನಡೆಯಲ್ಲ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2020ರಲ್ಲಿ ಟೀಮಿ ಎಂಬ ಡಿಟಾಕ್ಸ್ ಚಹಾ ಕಂಪನಿಯ ಮೇಲೆ ಆಧಾರರಹಿತ ಪ್ರಚಾರಕ್ಕಾಗಿ ಮೊಕದ್ದಮೆ ಹೂಡಿ, ಒಪ್ಪಂದದಂತೆ ಹತ್ತು ಲಕ್ಷ ಡಾಲರ್ ವಸೂಲು ಮಾಡಿತು.

ಪಾಲಕ್ ಮತ್ತು ಬೀಟ್‌ರೂಟ್ ಎರಡರಲ್ಲೂ ಆಕ್ಸಲೇಟ್ ಎಂಬ ಸಸ್ಯಜನ್ಯ ರಾಸಾಯನಿಕ ಹೇರಳವಾಗಿದೆ. ಪಲ್ಯ ಮಾಡಿ ಚಪಾತಿಯೊಂದಿಗೆ ತಿಂದರೆ ಚಿಂತಿಸಬೇಕಾದದ್ದಿಲ್ಲ. ಹಸಿಯಾಗಿ ಹಿಂಡಿ, ಸಾಂದ್ರವಾಗಿ, ಖಾಲಿ ಹೊಟ್ಟೆಗೆ ದಿನವೂ ಕುಡಿದರೆ ಮೂತ್ರಪಿಂಡದಲ್ಲಿ ಆಕ್ಸಲೇಟಿನ ಹರಳುಗಳು ಕಟ್ಟಿಕೊಂಡು ಅದು ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಕರಾವಳಿಯವರಿಗೆ ಇದು ದೂರದ ಮಾತಲ್ಲ. ಅವರ ಹಿತ್ತಿಲಲ್ಲಿ ಬೆಳೆಯುವ, ಆಕ್ಸಲೇಟ್ ತುಂಬಿದ ಹುಳಿಕಾಯಿ ಬಿಂಬುಳಿಯ ರಸವನ್ನು ಕೊಲೆಸ್ಟರಾಲ್ ಇಳಿಸಲೆಂದು ಕುಡಿದ ಹತ್ತು ಮಂದಿಯ ಮೂತ್ರಪಿಂಡಕ್ಕೆ ಹಾನಿಯಾದದ್ದನ್ನು ಕೇರಳದ ವೈದ್ಯರು 2013ರಲ್ಲಿ ದಾಖಲಿಸಿದ್ದಾರೆ. ಕಹಿ ರಸಗಳ ಅಪಾಯ ಬೇರೆಯದು. ದೆಹಲಿಯಲ್ಲಿ 2010ರಲ್ಲಿ ಸೋರೆಕಾಯಿ ಮತ್ತು ಹಾಗಲಕಾಯಿಯ ರಸ ಕುಡಿದ ವಿಜ್ಞಾನಿಯೊಬ್ಬರು ಮೃತಪಟ್ಟ ಬಳಿಕ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ನೇಮಿಸಿತು, ಕಹಿಯಾದ ಸೋರೆಕಾಯಿಯ ರಸವನ್ನು ಯಾವ ಕಾರಣಕ್ಕೂ ಕುಡಿಯಬಾರದೆಂಬ ಎಚ್ಚರಿಕೆಯೂ ಬಂತು. ಲಾಲ್‌ಬಾಗ್‌ನಂಥ ಉದ್ಯಾನಗಳ ಗೇಟಿನ ಹೊರಗೆ ಬೆಳಗಿನ ವಾಯುವಿಹಾರಿಗಳಿಗಾಗಿ ಮಾರುವ ಬೂದುಗುಂಬಳ, ಹಾಗಲ, ಬೇವಿನ ರಸಗಳಿಗೂ ಈ ಮಾತು ಅನ್ವಯಿಸುತ್ತದೆ. ನಾಲಿಗೆ ಬೇಡವೆಂದದ್ದನ್ನು ಔಷಧಿಯೆಂದು ಬಲವಂತವಾಗಿ ಇಳಿಸುವ ಚಟ ಒಳ್ಳೆಯದಲ್ಲ.

ಮಧುಮೇಹಿಗಳು ಈ ಪೆಟ್ಟಿಗೆಯನ್ನು ಮುಟ್ಟಲೇಬಾರದು. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆಯ ಮಟ್ಟ ಅಪಾಯಕರವಾಗಿ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆಯವರಿಗೆ ಉಪವಾಸದಲ್ಲಿ, ಸಕ್ಕರೆ ಹೆಚ್ಚಿಲ್ಲದಿದ್ದರೂ, ಕೊಬ್ಬು ಒಡೆದಾಗ ಹುಟ್ಟುವ ಕೀಟೋ ಆಮ್ಲಗಳು ರಕ್ತದಲ್ಲಿ ಏರಿ ಆಸ್ಪತ್ರೆ ಸೇರುವ ಸಂಭವವಿದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ಕಾಯಿಲೆ ಅಥವಾ ಕಲ್ಲಿನ ತೊಂದರೆ ಇರುವವರಿಗೂ ಇದೇ ಮಾತು. ಆರ್ಡರ್ ಮಾಡುವಾಗ ಸಂಸ್ಥೆಯವರು ಕೇಳಿದ್ದು ವಿಳಾಸ, ಫೋನ್ ನಂಬರು, ಬಾದಾಮಿಯ ಅಲರ್ಜಿ ಇದೆಯೇ ಎಂಬುದಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಪಕ್ಷದ ವಾದವನ್ನೂ ಪರಿಶೀಲಿಸದಿದ್ದರೆ ನ್ಯಾಯವಾಗುವುದಿಲ್ಲ. ಬೇಗ ಇಳಿದ ತೂಕವೆಲ್ಲ ಬೇಗ ಮರಳುತ್ತದೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಮೆಲ್ಬರ್ನ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 12 ವಾರಗಳಲ್ಲಿ ವೇಗವಾಗಿ ಇಳಿಸಿದವರಿಗೂ 36 ವಾರಗಳಲ್ಲಿ ನಿಧಾನವಾಗಿ ಇಳಿಸಿದವರಿಗೂ ಆಮೇಲೆ ಮರಳಿದ ತೂಕ ಹೆಚ್ಚುಕಡಿಮೆ ಒಂದೇ ಆಗಿತ್ತು, ಮತ್ತು ಗುರಿ ಮುಟ್ಟಿದವರ ಸಂಖ್ಯೆ ವೇಗದ ಗುಂಪಿನಲ್ಲೇ ಹೆಚ್ಚಿತ್ತು. ಬ್ರಿಟನ್ನಿನಲ್ಲಿ ನಡೆದ 'ಡೈರೆಕ್ಟ್' ಎಂಬ ಹೆಸರಿನ ಪ್ರಯೋಗದಲ್ಲಿ ಮಧುಮೇಹಿಗಳಿಗೆ ಮೂರರಿಂದ ಐದು ತಿಂಗಳ ಕಾಲ ದಿನಕ್ಕೆ ಸುಮಾರು 850 ಕ್ಯಾಲೊರಿಯ ದ್ರವಾಹಾರವನ್ನೇ ಕೊಟ್ಟು, ವರ್ಷದ ಕೊನೆಗೆ ಶೇ. 46 ಮಂದಿಯ ಮಧುಮೇಹ ಹಿಮ್ಮೆಟ್ಟಿದ್ದನ್ನು ಕಂಡುಕೊಂಡರು. ಕ್ಯಾಲೊರಿಯ ಲೆಕ್ಕದಲ್ಲಿ ಅದಕ್ಕೂ ನಮ್ಮ ಆರು ಬಾಟಲಿಗಳಿಗೂ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಅಲ್ಲಿನ ದ್ರವಾಹಾರದಲ್ಲಿ ಕ್ಯಾಲೊರಿಯ ಕಾಲು ಭಾಗ ಪ್ರೋಟೀನಿನಿಂದ ಬರುತ್ತಿತ್ತು, ಜೀವಸತ್ವ ಮತ್ತು ಲವಣಗಳ ಲೆಕ್ಕವಿತ್ತು, ಮಾತ್ರೆಗಳನ್ನು ಮೊದಲೇ ವೈದ್ಯರು ಹೊಂದಿಸಿದ್ದರು. ಎಲ್ಲಕ್ಕೂ ಮಿಗಿಲಾಗಿ, ಸಾಮಾನ್ಯ ಊಟಕ್ಕೆ ಹಂತಹಂತವಾಗಿ ಮರಳಿಸುವುದಕ್ಕೆಂದೇ ವಾರಗಟ್ಟಲೆ ಮೀಸಲಿಟ್ಟಿದ್ದರು.

ಕರಪತ್ರದಲ್ಲಿ ಆಯುರ್ವೇದದ ಹೆಸರನ್ನೂ ಧಾರಾಳವಾಗಿ ಎಳೆದು ತರಲಾಗಿದೆ. ಅಲ್ಲಿಯೂ ಶೋಧನ ಚಿಕಿತ್ಸೆಗೆ ಮೊದಲು ರೋಗಿಯನ್ನು ಅಣಿಗೊಳಿಸುವ ಕ್ರಮವಿದೆ, ಮುಗಿದ ಮೇಲೆ ತೆಳುಗಂಜಿಯಿಂದ ತೊಡಗಿ ದಿನಕ್ಕಿಷ್ಟೆಂದು ಊಟವನ್ನು ಏರಿಸುತ್ತ ಹೋಗುವ ಸಂಸರ್ಜನ ಕ್ರಮವಿದೆ. ಧರ್ಮಸ್ಥಳದ ಶಾಂತಿವನದಂಥ ಪ್ರಕೃತಿ ಚಿಕಿತ್ಸಾಲಯಕ್ಕೆ ಸೇರಿ ರಸಾಹಾರದಲ್ಲಿರುವವರನ್ನು ನೋಡಿಕೊಳ್ಳಲು ವೈದ್ಯರಿರುತ್ತಾರೆ. ಏಕಾದಶಿಯಂದು ಉಪವಾಸವಿರುವವರು ಮಾರನೆಯ ದಿನ ದ್ವಾದಶಿಯ ಪಾರಣೆಗೆ ಹೊತ್ತು ನೋಡಿ ಕೂರುತ್ತಾರೆ, ಆದರೆ ಅದರಿಂದ ತೂಕ ಇಳಿಯಲೆಂಬ ಅಪೇಕ್ಷೆ ಅವರಿಗಿರುವುದಿಲ್ಲ. ನಾನು ಹಣ ಕೊಟ್ಟ ಸೇವೆಯಲ್ಲಿ ಆರನೆಯ ದಿನಕ್ಕೆ ದೊರೆತ ಮಾರ್ಗದರ್ಶನ 'ಹಗುರವಾದ ಆಹಾರ ಸೇವಿಸಿ' ಎಂಬ ಒಂದು ಸಾಲು.

ಹಾಗಿದ್ದರೂ ಈ ಐದು ದಿನಗಳಿಂದ ಒಂದು ಉಪಕಾರವಾಗುತ್ತದೆಂದು ಒಪ್ಪಬೇಕು. ಸಂಜೆ ನಾಲ್ಕರ ಕಾಫಿಯೊಂದಿಗೆ ಬಾಯಿಗೆ ಹೋಗುವ ಬಿಸ್ಕತ್ತು, ಆಫೀಸಿನಿಂದ ಬರುವಾಗ ದಾರಿಯಲ್ಲಿ ಎದುರಾಗುವ ಪಾನಿಪುರಿ, ರಾತ್ರಿ ಹತ್ತೂವರೆಗೆ ಸುಮ್ಮನೆ ತೆರೆಯುವ ಚಕ್ಕುಲಿ ಡಬ್ಬ, ಇವೆಲ್ಲ ಹಸಿವಿನಿಂದಲ್ಲದೆ ಅಭ್ಯಾಸದಿಂದ ನಡೆಯುತ್ತಿವೆ ಎಂಬುದು ಒಂದು ಗೆರೆ ಎಳೆದುಕೊಂಡಾಗ ಮಾತ್ರ ಗಮನಕ್ಕೆ ಬರುತ್ತದೆ. ಆದರೆ ಆ ಗೆರೆಯನ್ನು ಎಳೆದುಕೊಳ್ಳಲು ಏಳು ಸಾವಿರ ರೂಪಾಯಿ ಬೇಕಾಗಿಲ್ಲ. ಮೊದಲ ವಾರ ಜ್ಯೂಸು, ಸಕ್ಕರೆ ಹಾಕಿದ ಪಾನೀಯ, ಬೇಕರಿ ತಿಂಡಿಗಳನ್ನು ಮಾತ್ರ ನಿಲ್ಲಿಸಿ, ಊಟವನ್ನು ಮನೆಯ ಅಡುಗೆಯಲ್ಲೇ ಹಿಡಿದಿಟ್ಟುಕೊಂಡರೆ ಅದೇ ಕೆಲಸ ನಡೆಯುತ್ತದೆ. ಬೆಳಗ್ಗೆ ಮೊಳಕೆ ಹೆಸರುಕಾಳಿನ ಉಸಲಿ ಅಥವಾ ಎರಡು ಮೊಟ್ಟೆ. ಮಧ್ಯಾಹ್ನ ಸಣ್ಣದೊಂದು ಮುದ್ದೆ ಅಥವಾ ಒಂದು ಬಟ್ಟಲು ಅನ್ನಕ್ಕೆ ಸೊಪ್ಪು–ಕಾಳಿನ ಬಸ್ಸಾರು, ಜೊತೆಗೆ ಅದೇ ಕಾಳಿನ ಪಲ್ಯ ಧಾರಾಳವಾಗಿ, ಒಂದು ಲೋಟ ಮಜ್ಜಿಗೆ. ರಾತ್ರಿ ಅದನ್ನೇ ಸ್ವಲ್ಪ ಕಡಿಮೆ ಪ್ರಮಾಣದಲ್ಲಿ. ಒಣ ಹೆಸರುಕಾಳು, ಹುರುಳಿಕಾಳುಗಳಲ್ಲಿ ನೂರು ಗ್ರಾಂಗೆ 22ರಿಂದ 24 ಗ್ರಾಂ ಪ್ರೋಟೀನ್ ಇದೆ. ಆರು ಬಾಟಲಿ ಜ್ಯೂಸು ಕೊಡುವ ಪ್ರೋಟೀನು ಅರವತ್ತು ಗ್ರಾಂ ಹುರುಳಿಯಲ್ಲಿ ಸಿಗುತ್ತದೆ. ಅಳತೆಗಾಗಿ ತೂಕದ ಯಂತ್ರದ ಜೊತೆಗೆ ಟೇಪನ್ನೂ ಇಟ್ಟುಕೊಳ್ಳುವುದು ಲೇಸು. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅಪಾಯದ ಗಡಿಯೆಂದು ಪರಿಗಣಿಸುತ್ತಾರೆ, ಮತ್ತು ಈ ಅಳತೆ ಒಂದೆರಡು ಲೀಟರ್ ನೀರಿನ ಏರಿಳಿತಕ್ಕೆ ತೂಕದಷ್ಟು ಸುಲಭವಾಗಿ ಕದಲುವುದಿಲ್ಲ.

ಸಂಸ್ಥೆಯವರು ಈ ಸೇವೆಯನ್ನು ತಿದ್ದಿಕೊಳ್ಳಲು ಬಯಸಿದರೆ ಮಾಡಬೇಕಾದದ್ದು ಬಹಳವಿಲ್ಲ. ಬೆಳಗಿನ ಎರಡು ಬಾಟಲಿ ಉಳಿಸಿಕೊಂಡು ಉಳಿದದ್ದರ ಜಾಗದಲ್ಲಿ ಊಟದ ಡಬ್ಬಿ ಕಳುಹಿಸಲಿ. ಚಹಾದಿಂದ ಸೋನಾಮುಖಿಯನ್ನು ತೆಗೆಯಲಿ, ಇಲ್ಲವೇ ಅದು ಭೇದಿ ಮಾಡಿಸುವ ಔಷಧಿಯೆಂದು ದಪ್ಪಕ್ಷರದಲ್ಲಿ ಬರೆಯಲಿ. ಆರ್ಡರ್ ಸ್ವೀಕರಿಸುವ ಮೊದಲು ಮಧುಮೇಹ, ರಕ್ತದೊತ್ತಡ, ಮೂತ್ರಪಿಂಡಗಳ ಬಗ್ಗೆ ನಾಲ್ಕು ಪ್ರಶ್ನೆ ಕೇಳಲಿ. ಕರಪತ್ರದಿಂದ ವಿಷಾಂಶದ ಮಾತನ್ನು ಕೈಬಿಡಲಿ. ಬಟವಾಡೆಗೆ ಐದರಲ್ಲಿ ನಾಲ್ಕೂವರೆ ಅಂಕ, ರುಚಿಗೆ ಮೂರೂವರೆ, ಸಲಹಾ ಸೇವೆಗೆ ಒಂದು. ತೂಕ ಇಳಿಸಲು ಹೊರಟವರಿಗೆ ಆರಂಭದ ಹೆಜ್ಜೆಯಾಗಿ ಒದಗುತ್ತದೆಯೇ ಎಂಬುದಕ್ಕೆ ಸೊನ್ನೆ. ಮೇಂಟೆನೆನ್ಸ್ ಪ್ಯಾಕನ್ನು ನಾನು ತೆಗೆದುಕೊಳ್ಳಲಿಲ್ಲ. ಶುಂಠಿ–ನಿಂಬೆಯ ಐದನೆಯ ಬಾಟಲಿಯನ್ನು ಬಿಡಿಯಾಗಿಯೂ ಮಾರುತ್ತಾರೆ, 120 ರೂಪಾಯಿ. ಸೆಕೆಗಾಲದ ಮಧ್ಯಾಹ್ನಕ್ಕೆ ಅದನ್ನು ತರಿಸಿಕೊಳ್ಳಲು ಅಡ್ಡಿಯಿಲ್ಲ, ಮನೆಯಲ್ಲಿ ಮಾಡಿಕೊಂಡರೆ ಹತ್ತು ರೂಪಾಯಿಯೂ ಆಗುವುದಿಲ್ಲ.